ಪರಮಾಣು ಪಾಠಕ್ಕೆ ಲೇಪಾಕ್ಷಿಯ ಸಾಕ್ಷ್ಯ

ಪ್ರೌಢಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಪರಮಾಣು ರಚನೆಯ ಅಧ್ಯಾಯ ಬಹುತೇಕ ಒಂದೇ ಜಾಡಿನಲ್ಲಿ ಸಾಗುತ್ತದೆ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು, 1911ರಲ್ಲಿ ರದರ್‌ಫರ್ಡ್ ನ್ಯೂಕ್ಲಿಯಸ್ಸನ್ನು ಪ್ರತಿಪಾದಿಸಿದ್ದು, 1913ರ ಬೋರ್ ಮಾದರಿ, 1932ರಲ್ಲಿ ಚಾಡ್ವಿಕ್ ಕಂಡ ನ್ಯೂಟ್ರಾನ್. ಮಕ್ಕಳು ಇಸವಿ, ಹೆಸರುಗಳನ್ನು ಬಾಯಿಪಾಠ ಮಾಡಿ, ವೃತ್ತದ ಸುತ್ತ ವೃತ್ತ ಬರೆದು ಅಂಕ ಗಳಿಸುತ್ತಾರೆ. ಕಣ್ಣಿಗೆ ಕಾಣದ್ದರ ಒಳಗನ್ನು ಮನುಷ್ಯರು ಹೇಗೆ ತಿಳಿದರು ಎಂಬ ಪ್ರಶ್ನೆ ಮನಸ್ಸಿನಲ್ಲಿ ಏಳುವ ಮೊದಲೇ ಉತ್ತರ ಮುಗಿದಿರುತ್ತದೆ. ಸಾಕ್ಷ್ಯ ಮೊದಲು ಬರಬೇಕು, ಚಿತ್ರ ಆಮೇಲೆ ಎಂಬುದು ಈ ಲೇಖನದ ವಾದ. ಹಿಂದೂಪುರ, ಮಡಕಶಿರಾ, ಗೌರಿಬಿದನೂರು ಸೀಮೆಯ ಮಕ್ಕಳಿಗೆ ಅಂಥ ಸಾಕ್ಷ್ಯ ತಮ್ಮ ಊರ ಆಸುಪಾಸಿನಲ್ಲೇ ಇದೆ.

ಲೇಪಾಕ್ಷಿಯ ವೀರಭದ್ರ ದೇವಾಲಯ ವಿಜಯನಗರದ ಅಚ್ಯುತರಾಯನ ಆಳ್ವಿಕೆಯ ಕಾಲದ್ದು (1529–1542). ಅದನ್ನು ಕಟ್ಟಿಸಿದವರೆನ್ನಲಾದ ವಿರೂಪಣ್ಣ, ವೀರಣ್ಣ ಸೋದರರ ಹೆಸರಿನೊಂದಿಗೆ ಸೇರಿಕೊಂಡದ್ದು. ಅದರ ಛಾವಣಿಯ ಚಿತ್ರಗಳನ್ನು ಕಲಾ ಇತಿಹಾಸಕಾರರು ಸಾಕಷ್ಟು ವಿವರಿಸಿದ್ದಾರೆ. ರಸಾಯನ ಶಿಕ್ಷಕರ ಕಣ್ಣಿಗೆ ಅಲ್ಲಿ ಮೊದಲು ಬೀಳಬೇಕಾದದ್ದು ಕೆಂಪು ಮತ್ತು ಹಳದಿ. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು. ಹಳದಿ ಮಣ್ಣಿನ ಬಣ್ಣವೂ ಕಬ್ಬಿಣದ್ದೇ, ಆದರೆ ಅಲ್ಲಿ ಆಕ್ಸಿಜನ್ನಿನ ಜೊತೆಗೆ ಹೈಡ್ರೋಜನ್ ಸೇರಿರುತ್ತದೆ. ಹಳದಿ ಮಣ್ಣನ್ನು ಬಾಣಲೆಯಲ್ಲಿ ಚೆನ್ನಾಗಿ ಕಾಯಿಸಿದರೆ ನೀರಿನಂಶ ಹೋಗಿ ಅದು ಕೆಂಪಗಾಗುತ್ತದೆ. ಯಾವ ಶಾಲೆಯಲ್ಲಾದರೂ ಮಾಡಬಹುದಾದ ಪ್ರಯೋಗ ಇದು. ಎರಡರಲ್ಲೂ ಕಬ್ಬಿಣದ ನ್ಯೂಕ್ಲಿಯಸ್ಸಿನಲ್ಲಿ 26 ಪ್ರೋಟಾನುಗಳು. ಬೆಂಕಿ ಅವನ್ನು ಮುಟ್ಟಲಿಲ್ಲ. ಬದಲಾದದ್ದು ನೆರೆಯ ಪರಮಾಣುಗಳ ಜೋಡಣೆ ಮತ್ತು ಅದರಿಂದಾಗಿ ಎಲೆಕ್ಟ್ರಾನುಗಳು ಬೆಳಕನ್ನು ಹೀರುವ ರೀತಿ. ಧಾತುವಿನ ಗುರುತು ಒಳಗಿನ ಪ್ರೋಟಾನುಗಳಿಂದ, ಅದರ ನಡತೆ ಹೊರಗಿನ ಎಲೆಕ್ಟ್ರಾನುಗಳಿಂದ ಎಂಬ ಮೂಲಪಾಠ ಈ ಒಂದು ಪ್ರಯೋಗದಲ್ಲಿ ಅಡಗಿದೆ.

ಒಳಗು, ಹೊರಗುಗಳ ಅಳತೆಯನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಪುಸ್ತಕದ ಚಿತ್ರ ಅತಿ ಹೆಚ್ಚು ದಾರಿ ತಪ್ಪಿಸುವುದು ಈ ವಿಷಯದಲ್ಲೇ. ಕಬ್ಬಿಣದ ನ್ಯೂಕ್ಲಿಯಸ್ಸನ್ನು ಒಂದು ರಾಗಿ ಕಾಳಿನಷ್ಟು ಹಿಗ್ಗಿಸಿದರೆ ಇಡೀ ಪರಮಾಣುವಿನ ಅಡ್ಡಗಲ ಸುಮಾರು 40 ಮೀಟರ್ ಆಗುತ್ತದೆ. ಗೈಗರ್ ಮತ್ತು ಮಾರ್ಸ್‌ಡನ್ 1909ರಲ್ಲಿ ಚಿನ್ನದ ತೆಳು ಹಾಳೆಯತ್ತ ಹಾಯಿಸಿದ ಆಲ್ಫಾ ಕಣಗಳಲ್ಲಿ ಬಹುಪಾಲು ನೇರವಾಗಿ ದಾಟಿ, ಎಲ್ಲೋ ಕೆಲವು ಮಾತ್ರ ಹಿಂದಕ್ಕೆ ಚಿಮ್ಮಿದ್ದು ಏಕೆಂಬುದು ಈ ಅಳತೆ ತಿಳಿದವರಿಗೆ ತಾನಾಗಿ ಹೊಳೆಯುತ್ತದೆ.

ಚಿತ್ರಗಳಿಂದ ಕಲ್ಲಿಗೆ ಬರೋಣ. ಲೇಪಾಕ್ಷಿಯ ಏಕಶಿಲಾ ನಂದಿ ಗ್ರಾನೈಟಿನದು. ಧಾರವಾಡ ಶಿಲಾಸಮೂಹದ ಪೂರ್ವಭಾಗದ ಈ ನೆಲದಲ್ಲಿ ಗ್ರಾನೈಟುಗಳ ವಯಸ್ಸು ಹೆಚ್ಚಾಗಿ 250 ಕೋಟಿ ವರ್ಷಗಳ ಆಸುಪಾಸು. ಗ್ರಾನೈಟಿನ ಫೆಲ್ಡ್‌ಸ್ಪಾರ್ ಹರಳುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರ ಎಲ್ಲ ಪರಮಾಣುಗಳಲ್ಲೂ 19 ಪ್ರೋಟಾನುಗಳು; ನ್ಯೂಟ್ರಾನುಗಳು ಮಾತ್ರ 20, 21 ಅಥವಾ 22. ಹೀಗೆ ಪೊಟ್ಯಾಸಿಯಂ–39, 40, 41 ಎಂಬ ಮೂರು ಸಮಸ್ಥಾನಿಗಳು. ನಡುವಿನದು ಅತಿ ವಿರಳ, ಕೇವಲ 0.0117 ಪ್ರತಿಶತ, ವಿಕಿರಣಶೀಲವೂ ಹೌದು. ಅದರ ಅರ್ಧಾಯು, ಅಂದರೆ ಅರ್ಧ ಭಾಗ ಕ್ಷಯಿಸಲು ಬೇಕಾದ ಕಾಲ, 125 ಕೋಟಿ ವರ್ಷ. ಎಂದರೆ ಬಂಡೆ ಹುಟ್ಟಿದಾಗ ಅದರಲ್ಲಿದ್ದ ಪೊಟ್ಯಾಸಿಯಂ–40ರಲ್ಲಿ ಇಂದು ಉಳಿದಿರುವುದು ಸುಮಾರು ಕಾಲು ಭಾಗ.

ಉಳಿದ ಮುಕ್ಕಾಲು ಭಾಗ ಏನಾಯಿತು ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಬೇಕು. ಅದರಲ್ಲಿ ಸುಮಾರು 89 ಪ್ರತಿಶತದ ನ್ಯೂಕ್ಲಿಯಸ್ಸುಗಳಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನಾಗಿ ಬದಲಾಯಿತು. 19 ಪ್ರೋಟಾನುಗಳು 20 ಆದವು, ಪೊಟ್ಯಾಸಿಯಂ ಕ್ಯಾಲ್ಸಿಯಂ ಆಯಿತು. ಅದೇ ಕ್ಯಾಲ್ಸಿಯಂ ಧಾತು ದೇವಾಲಯದ ಚಿತ್ರಗಳಿಗೆ ಹಾಸಾದ ಸುಣ್ಣದ ಗಾರೆಯಲ್ಲೂ ಇದೆ. ಮಿಕ್ಕ 11 ಪ್ರತಿಶತದಲ್ಲಿ ನ್ಯೂಕ್ಲಿಯಸ್ ತನ್ನ ಸುತ್ತಲಿನ ಎಲೆಕ್ಟ್ರಾನೊಂದನ್ನೇ ಒಳಗೆ ಸೆಳೆದುಕೊಂಡಿತು. ಪ್ರೋಟಾನ್ ನ್ಯೂಟ್ರಾನಾಗಿ ಆರ್ಗಾನ್ ಅನಿಲ ಹುಟ್ಟಿತು. ಹರಳಿನಲ್ಲಿ ಸಿಕ್ಕಿಬಿದ್ದ ಈ ಆರ್ಗಾನನ್ನು ಅಳೆದು ಭೂವಿಜ್ಞಾನಿಗಳು ಶಿಲೆಗಳ ಕಾಲ ಲೆಕ್ಕ ಹಾಕುತ್ತಾರೆ. ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ಮೂರೂ ತಮ್ಮ ಪಾತ್ರ ತೋರುವ ಉದಾಹರಣೆಗೆ ಇದಕ್ಕಿಂತ ಉತ್ತಮವಾದದ್ದು ನಮಗೆ ಕಂಡಿಲ್ಲ. ಪರಮಾಣು ಸಂಖ್ಯೆ ಮತ್ತು ದ್ರವ್ಯರಾಶಿ ಸಂಖ್ಯೆಗಳ ವ್ಯಾಖ್ಯೆಯನ್ನು ಇದಾದ ನಂತರ ಬರೆಸಿದರೆ ಸಾಕು.

ನ್ಯೂಕ್ಲಿಯಸ್ಸಿನಿಂದ ಮತ್ತೆ ಎಲೆಕ್ಟ್ರಾನಿನ ಸಾಕ್ಷ್ಯಕ್ಕೆ ಬರೋಣ. ಲೇಪಾಕ್ಷಿಯಿಂದ ನೇರ ದೂರದಲ್ಲಿ ಸುಮಾರು 30 ಕಿ.ಮೀ. ನೈಋತ್ಯಕ್ಕೆ, ಗೌರಿಬಿದನೂರಿನ ಬಳಿ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ 1970ರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವಿದೆ. 34.5 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡಲೆಂದು ಸಾವಿರ ಡೈಪೋಲುಗಳನ್ನು ಟಿ ಆಕಾರದಲ್ಲಿ ನೆಟ್ಟ ವ್ಯೂಹ ಅದು. ಕಾಂತಾರಿಯಾ, ಅನಂತರಾಮಯ್ಯ ಮತ್ತು ಪೇನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾಸಿಯೋಪಿಯಾ–ಎ ಎಂಬ ರೇಡಿಯೋ ಆಕರದ ದಿಕ್ಕಿನ ಅಂತರತಾರಾ ಮೋಡದ ಇಂಗಾಲದ ರೋಹಿತ ರೇಖೆಗಳನ್ನು ಈ ವ್ಯೂಹದಿಂದ ಗುರುತಿಸಿದ್ದರು. ಆ ಇಂಗಾಲದ ಹೊರ ಎಲೆಕ್ಟ್ರಾನ್ ಇದ್ದದ್ದು 575ರ ಆಸುಪಾಸಿನ ಕಕ್ಷೆಯಲ್ಲಿ.

ಆ ಕಕ್ಷೆ ಎಷ್ಟು ದೊಡ್ಡದೆಂಬುದನ್ನು ಹತ್ತನೆಯ ತರಗತಿಯ ಗಣಿತದಿಂದಲೇ ಬಿಡಿಸಬಹುದು. ಬೋರ್ ಮಾದರಿಯಲ್ಲಿ ಕಕ್ಷೆಯ ತ್ರಿಜ್ಯ ಕಕ್ಷಾಸಂಖ್ಯೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮೊದಲ ಕಕ್ಷೆಯ 0.053 ನ್ಯಾನೋಮೀಟರನ್ನು 575ರ ವರ್ಗದಿಂದ ಗುಣಿಸಿದರೆ ಸುಮಾರು 17,500 ನ್ಯಾನೋಮೀಟರ್, ಅಡ್ಡಗಲ 0.035 ಮಿಲಿಮೀಟರ್. ಸಾಮಾನ್ಯ ಇಂಗಾಲದ ಪರಮಾಣುವಿಗಿಂತ ಎರಡು ಲಕ್ಷ ಪಟ್ಟು ದೊಡ್ಡದು! ಭೂಮಿಯ ಗಾಳಿಯಲ್ಲಿ ಇಂಥ ಪರಮಾಣು ಕ್ಷಣವೂ ನಿಲ್ಲದು, ನೆರೆಯವು ಡಿಕ್ಕಿ ಹೊಡೆದು ಕೆಡಿಸುತ್ತವೆ. ಅಂತರತಾರಾ ಮೋಡದ ವಿರಳತೆಯಲ್ಲಿ ಮಾತ್ರ ಉಳಿಯಬಲ್ಲದು. ಇಂಥ ರೇಖೆಯನ್ನು 1980ರಲ್ಲಿ ಮೊದಲು ಕಂಡ ಕೊನೊವಾಲೆಂಕೊ ಮತ್ತು ಸೋಡಿನ್ ಅದನ್ನು ನೈಟ್ರೋಜನ್ನಿನದೆಂದು ಭಾವಿಸಿದ್ದರು. ಇಂಗಾಲದ 631ನೆಯ ಕಕ್ಷೆಗೆ ಸೇರಿದ್ದೆಂದು ಆಮೇಲೆ ತಿಳಿಯಿತು. ಸಾಕ್ಷ್ಯ ಒಂದೇ ಇದ್ದು ಅರ್ಥ ತಿದ್ದಿಕೊಳ್ಳುವುದು ವಿಜ್ಞಾನದ ರೀತಿ, ಇದೂ ಪಾಠದ ಭಾಗವಾಗಬೇಕು. ಕಕ್ಷೆಗಳೆಂದರೆ ಗೆರೆ ಹಾಕಿದ ಹಾದಿಗಳಲ್ಲ, ಶಕ್ತಿಯ ಮಟ್ಟಗಳು ಎಂಬ ಎಚ್ಚರಿಕೆಯನ್ನು ಶಿಕ್ಷಕರು ಇಲ್ಲಿ ಸೇರಿಸಬೇಕು.

ಅದೇ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕ ವ್ಯೂಹ 1960ರ ದಶಕದಿಂದ ದೂರದ ಭೂಗತ ಅಣುಸ್ಫೋಟಗಳ ನಡುಕವನ್ನು ಪತ್ತೆ ಹಚ್ಚುತ್ತ ಬಂದಿದೆ. ಎಲೆಕ್ಟ್ರಾನಿನ ಸುಳಿವು ಹಿಡಿಯುವ ಉಪಕರಣ, ನ್ಯೂಕ್ಲಿಯಸ್ ಒಡೆದ ಸುಳಿವು ಹಿಡಿಯುವ ಉಪಕರಣ ಎರಡೂ ಒಂದೇ ತಾಲ್ಲೂಕಿನಲ್ಲಿವೆ. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು, ಪ್ರಶ್ನಿಸದೆ ಒಪ್ಪಬೇಡಿ ಎಂದು ಜೀವನಪೂರ್ತಿ ಕನ್ನಡದ ಮಕ್ಕಳಿಗೆ ಹೇಳಿದ ಎಚ್. ನರಸಿಂಹಯ್ಯನವರು (1920–2005) ಹುಟ್ಟಿದ್ದೂ ಇದೇ ತಾಲ್ಲೂಕಿನ ಹೊಸೂರಿನಲ್ಲಿ.

ಆಂಧ್ರ–ಕರ್ನಾಟಕ ಗಡಿಯ ಎರಡೂ ಕಡೆಯ ಕನ್ನಡ ಮಾಧ್ಯಮದ ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ಈ ಅಧ್ಯಾಯವನ್ನು ಹಳದಿ ಮಣ್ಣು ಕಾಯಿಸುವುದರಿಂದ ಆರಂಭಿಸಿ, ಗ್ರಾನೈಟಿನ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ವೃತ್ತಗಳ ಚಿತ್ರವನ್ನು ಕೊನೆಯ ತರಗತಿಗೆ ಇಟ್ಟುಕೊಳ್ಳಿ.