ಕಣ್ಣಿನೊಳಗಿನ ಬಲೆ: ಇಬ್ನುಲ್ ಹೈಸಮ್ ಎಲ್ಲಿಯವರೆಗೆ ಬಂದರು?

ಈ ಮೆಸೇಜು ನಿಮ್ಮ ಫೋನಿಗೂ ಬಂದಿರಬಹುದು: 'ಕ್ಯಾಮೆರಾ ಕಂಡುಹಿಡಿದದ್ದು ಮುಸ್ಲಿಂ ವಿಜ್ಞಾನಿ ಇಬ್ನುಲ್ ಹೈಸಮ್. ಕ್ಯಾಮೆರಾ ಅನ್ನೋ ಪದವೇ ಅರಬಿಯ ಖಮರಾದಿಂದ ಬಂದದ್ದು.' ಎರಡೂ ಮಾತು ನಿಲ್ಲೋದಿಲ್ಲ. ಕ್ಯಾಮೆರಾ ಲ್ಯಾಟಿನ್ ಪದ, ಕೋಣೆ ಅಂತ ಅರ್ಥ. ನಾವು ಮನೆಯಲ್ಲಿ 'ಕಮ್ರಾ' ಅನ್ನುತ್ತೇವಲ್ಲ, ಅದೂ ಪೋರ್ಚುಗೀಸರ ಮೂಲಕ ಅದೇ ಮೂಲದಿಂದ ಬಂದದ್ದೇ. ಸಣ್ಣ ರಂಧ್ರದಿಂದ ಬಿಂಬ ಮೂಡುವುದಂತೂ ಅವರಿಗಿಂತ ಮೊದಲೇ ಗ್ರೀಕರಿಗೂ ಚೀನೀಯರಿಗೂ ಗೊತ್ತಿತ್ತು.

ಅರಬಿ ಭಾಷೆಯ ಗುರುತು ಬೇಕಿದ್ದರೆ ನಿಮ್ಮ ಕಣ್ಣಿನೊಳಗೇ ಇದೆ. ಕನ್ನಡದ ಅಕ್ಷಿಪಟವನ್ನು ಉರ್ದು ವಿಜ್ಞಾನ ಪುಸ್ತಕಗಳು 'ಶಬಕಿಯಾ' ಅನ್ನುತ್ತವೆ. ಶಬಕಾ ಅಂದರೆ ಬಲೆ. ಕಣ್ಣಿನ ಹಿಂಭಾಗದ ಪೊರೆ ಬಲೆಯಂತಿದೆ ಎಂದವರು ಗ್ರೀಕ್ ವೈದ್ಯರು. 9ನೇ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಕಣ್ಣಿನ ಬಗ್ಗೆ ಹತ್ತು ಪ್ರಬಂಧ ಬರೆದು ಆ ವೈದ್ಯವನ್ನು ಅರಬಿಗೆ ತಂದರು. ಮುಂದೆ ಲ್ಯಾಟಿನ್ ಅನುವಾದಕರು ಅರಬಿ ಪದದ ಅರ್ಥ ಹಿಡಿದು ತಮ್ಮ 'ರೇಟೆ', ಅಂದರೆ ಬಲೆಯಿಂದ, ರೆಟಿನಾ ಮಾಡಿಕೊಂಡರು. ಹುನೈನ್ ಕ್ರೈಸ್ತರು ಅನ್ನುವುದನ್ನೂ ಮರೆಯಬೇಡಿ.

ಇಬ್ನುಲ್ ಹೈಸಮ್ ಹುಟ್ಟಿದ್ದು ಸುಮಾರು ಕ್ರಿ.ಶ. 965ರಲ್ಲಿ, ಇರಾಕಿನ ಬಸ್ರಾದಲ್ಲಿ. ನೈಲ್ ನದಿಯ ನೀರನ್ನು ಹಿಡಿತಕ್ಕೆ ತರುತ್ತೇನೆ ಅಂದದ್ದು, ಈಜಿಪ್ಟಿನ ಖಲೀಫ ಅಲ್ ಹಾಕಿಮ್ ಕರೆಸಿಕೊಂಡದ್ದು, ಕೆಲಸ ಆಗದೆಂದು ತಿಳಿದು ಹುಚ್ಚನಂತೆ ನಟಿಸಿದ್ದು, 1021ರಲ್ಲಿ ಖಲೀಫ ಕಾಣೆಯಾಗುವವರೆಗೆ ಹಾಗೇ ಇದ್ದದ್ದು, ಇವೆಲ್ಲ ಇಬ್ನುಲ್ ಖಿಫ್ತಿ ಸುಮಾರು ಎರಡು ಶತಮಾನದ ನಂತರ ಬರೆದ ಕಥೆ. ರುಚಿಯಾದ ಕಥೆ ಹೌದು, ಇತಿಹಾಸ ಎಷ್ಟೋ. ಕೈರೋದಲ್ಲಿ ಯೂಕ್ಲಿಡ್, ಟಾಲೆಮಿಯ ಗ್ರಂಥಗಳನ್ನು ನಕಲು ಮಾಡಿ, ಅದನ್ನು ಮಾರಿದ ಹಣದಲ್ಲಿ ಜೀವನ ನಡೆಸಿದರು ಅನ್ನುವುದೂ ಅವನೇ ಹೇಳಿದ್ದು.

ನಾವು ಗಮನಿಸಬೇಕಾದದ್ದು ಅವರು ಏಳು ಭಾಗಗಳಲ್ಲಿ ಬರೆದ 'ಕಿತಾಬುಲ್ ಮನಾಝಿರ್'. ಅದಕ್ಕೆ ಮುಂಚೆ ಯೂಕ್ಲಿಡ್, ಟಾಲೆಮಿ, ಅರಬಿಯಲ್ಲಿ ಅಲ್ ಕಿಂದಿ ಕೂಡ, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಅಂತ ನಂಬಿದ್ದರು. ಇಬ್ನುಲ್ ಹೈಸಮ್ ಕೇಳಿದ್ದು ಸರಳ ಪ್ರಶ್ನೆ: ಸೂರ್ಯನನ್ನು ನೋಡಿದರೆ ಕಣ್ಣು ಏಕೆ ನೋಯುತ್ತದೆ? ಪ್ರಖರ ವಸ್ತುವನ್ನು ದಿಟ್ಟಿಸಿ ಕಣ್ಣು ಮುಚ್ಚಿದ ಮೇಲೂ ಅದರ ಛಾಯೆ ಏಕೆ ಉಳಿಯುತ್ತದೆ? ಅಂದರೆ ಬೆಳಕು ಒಳಗೆ ಬಂದು ಕಣ್ಣಿನ ಮೇಲೆ ಕೆಲಸ ಮಾಡುತ್ತಿದೆ. ಒಂದು ರಂಧ್ರದ ಎದುರು ಹಲವು ದೀಪ ಸಾಲಾಗಿಟ್ಟು, ಕತ್ತಲೆ ಜಾಗದ ಗೋಡೆ ನೋಡಿದರು. ಒಂದು ದೀಪ ಮುಚ್ಚಿದರೆ ಗೋಡೆಯ ಮೇಲೆ ಅದರದ್ದೇ ಬೆಳಕು ಮಾಯ. ತೆಗೆದರೆ ಮತ್ತೆ ಅಲ್ಲೇ ಹಾಜರು. ಎಲ್ಲಾ ಕಿರಣ ಒಂದೇ ರಂಧ್ರದಲ್ಲಿ ಹಾದರೂ ಒಂದಕ್ಕೊಂದು ಬೆರೆಯಲಿಲ್ಲ. ಮಕ್ಕಳೇ, ಎರಡು ಮೇಣದಬತ್ತಿ, ಒಂದು ರಟ್ಟು ಇದ್ದರೆ ಇದನ್ನು ನೀವೂ ಮಾಡಬಹುದು.

ಇಲ್ಲೇ ಅವರಿಗೆ ದೊಡ್ಡ ತೊಡಕು ಎದುರಾಯಿತು. ವಸ್ತುವಿನ ಪ್ರತಿ ಬಿಂದುವಿನಿಂದ ಎಲ್ಲಾ ದಿಕ್ಕಿಗೂ ಬೆಳಕು ಹೊರಡುತ್ತದೆ ಅಂದಮೇಲೆ ಕಣ್ಣಿನ ಪ್ರತಿ ಜಾಗಕ್ಕೂ ಎಲ್ಲಾ ಬಿಂದುಗಳ ಬೆಳಕು ಬೀಳುತ್ತದೆ. ಹಾಗಿದ್ದರೆ ಸ್ಪಷ್ಟವಾಗಿ ಕಾಣುವುದು ಹೇಗೆ? ಕಣ್ಣಿಗೆ ನೇರ ಲಂಬವಾಗಿ ಬಿದ್ದ ಕಿರಣಗಳಷ್ಟೇ ಲೆಕ್ಕಕ್ಕೆ. ಓರೆಯಾಗಿ ಬಿದ್ದವು ಬಾಗಿ ಬಲ ಕಳೆದುಕೊಳ್ಳುತ್ತವೆ ಅಂದರು. ಆ ನೇರ ಕಿರಣಗಳು ಹಾಗೇ ಮುಂದುವರಿದರೆ ಕಣ್ಣಿನ ನಡುವೆ ಒಂದನ್ನೊಂದು ದಾಟಿ ಬಿಂಬ ತಲೆಕೆಳಗಾಗಬೇಕು. ಜಗತ್ತು ನಮಗೆ ನೆಟ್ಟಗೇ ಕಾಣುತ್ತದಲ್ಲ! ಅದಕ್ಕೇ ಗ್ರಹಣಶಕ್ತಿಯನ್ನು ಮಸೂರಕ್ಕೆ ಕೊಟ್ಟರು. ಕಿರಣಗಳು ದಾಟುವ ಮೊದಲೇ ಮಸೂರದ ಹಿಂಬದಿಯಲ್ಲಿ ಬಾಗಿ ನೆಟ್ಟಗೆ ನರದ ಕಡೆ ಸಾಗುತ್ತವೆ ಅಂದರು. ಬಲೆಯಂತಹ ಪೊರೆ ಹಿಂದೆಯೇ ಇತ್ತು. ಅದು ತೆರೆಯಾಗಿ ಕೆಲಸ ಮಾಡುತ್ತದೆ ಅನ್ನುವ ಕಡೆಗೆ ಅವರು ಹೋಗಲಿಲ್ಲ.

ಪುಸ್ತಕ ಲ್ಯಾಟಿನ್‌ಗೆ ಹೋಯಿತು. ರೋಜರ್ ಬೇಕನ್, ವಿಟೆಲೊ ಓದಿದರು. 1572ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು. 1583ರಲ್ಲಿ ಅಂಗರಚನಾ ತಜ್ಞ ಫೆಲಿಕ್ಸ್ ಪ್ಲಾಟರ್ ನೋಡುವ ಕೆಲಸ ರೆಟಿನಾದ್ದು ಅಂದ. ಕೊನೆಗೆ 1604ರಲ್ಲಿ ಕೆಪ್ಲರ್ ಗಂಟು ಬಿಡಿಸಿದ: ಓರೆ ಕಿರಣಗಳನ್ನು ಬಿಡಬೇಕಿಲ್ಲ, ಒಂದು ಬಿಂದುವಿನ ಎಲ್ಲಾ ಕಿರಣಗಳನ್ನೂ ಕಣ್ಣು ರೆಟಿನಾದ ಮೇಲೆ ಮತ್ತೆ ಒಂದೇ ಬಿಂದುವಿಗೆ ಕೂಡಿಸುತ್ತದೆ. ಬಿಂಬ ತಲೆಕೆಳಗೇ ಇರಲಿ ಅಂತ ಒಪ್ಪಿಕೊಂಡ. ಅವನು ಬಿಡಿಸಿದ ಲೆಕ್ಕ ಮಾತ್ರ ಇಬ್ನುಲ್ ಹೈಸಮ್ ಹಾಕಿಟ್ಟದ್ದು. ಕ್ಯಾಮೆರಾ ಕಂಡುಹಿಡಿದರು ಅಂತ ಸುಳ್ಳು ಹೊಗಳಿಕೆಯಲ್ಲಿ ಕಳೆದುಹೋಗುವುದು ಇದೇ ಸಾಧನೆ. ಸಾಲದ್ದಕ್ಕೆ ನಮ್ಮ ಹುಡುಗರು ಕಾಲೇಜಿನಲ್ಲಿ ಆ ಮಾತು ಆಡಿ ನಗೆಪಾಟಲಾಗುತ್ತಾರೆ.

ತಲೆಕೆಳಗಾದ ಬಿಂಬ ನಮಗೆ ನೆಟ್ಟಗೆ ಕಾಣುವುದು ಹೇಗೆ ಅನ್ನುವುದನ್ನು ಕೆಪ್ಲರ್ ಬೇರೆಯವರಿಗೆ ಬಿಟ್ಟ. ಕಣ್ಣಿನ ಹಿಂದೆ ನಡೆಯುವ ಕೆಲಸದ ಬಗ್ಗೆ, ಅಂದರೆ ದೂರ, ಗಾತ್ರ, ಪರಿಚಿತ ಮುಖ ಇವನ್ನು ಮನಸ್ಸು ಹೋಲಿಸಿ ಊಹಿಸಿ ಗುರುತಿಸುವ ಬಗೆಯನ್ನು ಇಬ್ನುಲ್ ಹೈಸಮ್ ತಮ್ಮ ಎರಡನೇ ಭಾಗದಲ್ಲಿ ವಿಸ್ತಾರವಾಗಿಯೇ ಬರೆದಿದ್ದಾರೆ. ಮೊದಲ ಮೂರು ಭಾಗಗಳನ್ನು ಎ. ಐ. ಸಬ್ರಾ ಇಂಗ್ಲಿಷಿಗೆ ತಂದದ್ದು 1989ರಲ್ಲಿ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ ನೋಡಿ. ಗಣಿತಕ್ಕೆ ಅಂಜುವವರು ಆ ಎರಡನೇ ಭಾಗದಿಂದಲೇ ಶುರು ಮಾಡಬಹುದು.