ಅಲೆಯನ್ನೇರಿದ ಎಲೆಕ್ಟ್ರಾನು

ಬೂದಿಯನ್ನು ಸುಡುವುದು ಬೆಂಕಿಗೂ ಸಾಧ್ಯವಿಲ್ಲ. ಎಲ್ಲರೂ ಬಲ್ಲ ಇಂಥದೊಂದು ಮಾತಿನಲ್ಲೇ ಭೌತವಿಜ್ಞಾನದ ದೊಡ್ಡ ತೊಡಕೊಂದಕ್ಕೆ ಪರಿಹಾರ ಅಡಗಿತ್ತು ಎಂದರೆ ವಾಚಕರಿಗೆ ಸೋಜಿಗವೆನಿಸೀತು.

ಪರಮಾಣುವಿನ ಒಡಲನ್ನು ಶೋಧಿಸಬೇಕಾದರೆ ಎಲೆಕ್ಟ್ರಾನಿನಂಥ ಕಣಗಳಿಗೆ ಅಪಾರ ಶಕ್ತಿಯನ್ನು ತುಂಬಿ ಗುರಿಗೆ ಅಪ್ಪಳಿಸಬೇಕು. ಇದಕ್ಕಾಗಿ ವಿಜ್ಞಾನಿಗಳು ಲೋಹದ ಕೊಳವೆಗಳೊಳಗೆ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸಿ, ಕಣಗಳನ್ನು ಹಂತಹಂತವಾಗಿ ತಳ್ಳುತ್ತ ಬಂದರು. ಆದರೆ ಈ ತಳ್ಳುವಿಕೆಗೂ ಒಂದು ಮಿತಿಯುಂಟು. ಕ್ಷೇತ್ರದ ಬಲ ಮೀಟರಿಗೆ ಹತ್ತು ಕೋಟಿ ವೋಲ್ಟುಗಳ ಸುಮಾರಿಗೆ ಬಂದಿತೆಂದರೆ ಕೊಳವೆಯ ಗೋಡೆಯಿಂದಲೇ ಕಿಡಿ ಹಾರಿ ಲೋಹ ಕೆಡುತ್ತದೆ. ಹೆಚ್ಚು ಶಕ್ತಿ ಬೇಕಾದರೆ ಯಂತ್ರವನ್ನು ಉದ್ದ ಮಾಡುತ್ತ ಹೋಗಬೇಕು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನಲ್ಲಿ 1966ರಲ್ಲಿ ಆರಂಭವಾದ ಯಂತ್ರದ ಉದ್ದ ಎರಡು ಮೈಲಿ! ಹೀಗೇ ಬೆಳೆದರೆ ಅದನ್ನು ಕಟ್ಟುವಷ್ಟು ಹಣ ಯಾವ ದೇಶದ ಬೊಕ್ಕಸದಲ್ಲಿದ್ದೀತು?

ಕಿಡಿಯಿಂದ ಕೆಡದ ವಸ್ತು ಯಾವುದು? ಆಗಲೇ ಕೆಟ್ಟದ್ದು. ಪರಮಾಣುಗಳು ಒಡೆದು ಎಲೆಕ್ಟ್ರಾನುಗಳೂ ಭಾರವಾದ ಅಯಾನುಗಳೂ ಬಿಡಿಬಿಡಿಯಾಗಿರುವ ಅನಿಲಕ್ಕೆ 1928ರಲ್ಲಿ ಇರ್ವಿಂಗ್ ಲ್ಯಾಂಗ್ಮೂರ್ ಪ್ಲಾಸ್ಮಾ ಎಂದು ಹೆಸರಿಟ್ಟಿದ್ದರು. ಒಡೆದದ್ದನ್ನು ಮತ್ತೆ ಒಡೆಯುವುದೇನು ಬಂತು? ಅದರೊಳಗಿನ ಕ್ಷೇತ್ರ ಲೋಹದ ಕೊಳವೆಯದಕ್ಕಿಂತ ಸಾವಿರಪಟ್ಟು ಬಲವಾಗಿರಬಲ್ಲದು. ಪ್ಲಾಸ್ಮಾದ ಕ್ಷೇತ್ರಗಳಿಂದಲೇ ಕಣಗಳನ್ನು ಓಡಿಸುವ ವಿಚಾರವನ್ನು ರಷ್ಯದ ವೆಕ್ಸ್ಲರ್ 1956ರಲ್ಲೇ ಮುಂದಿಟ್ಟಿದ್ದರು.

ಅದಕ್ಕೊಂದು ಖಚಿತವಾದ ದಾರಿಯನ್ನು ತೋರಿದವರು ಲಾಸ್ ಏಂಜಲಿಸ್‌ನ ತೋಶಿಕಿ ತಾಜಿಮಾ ಮತ್ತು ಜಾನ್ ಡಾಸನ್. ಹೊಳೆಯಲ್ಲಿ ದೋಣಿ ಬಿರುಸಾಗಿ ಸಾಗಿದರೆ ಅದರ ಹಿಂದೆ ಅಲೆಯೇಳುವುದಷ್ಟೆ. 1979ರ ಅವರ ಲೇಖನದಲ್ಲಿ ಲೇಸರ್ ಬೆಳಕಿನ ಮಿಡಿತವೇ ದೋಣಿ. ಅದು ಪ್ಲಾಸ್ಮಾದೊಳಗೆ ನುಗ್ಗಿ ಹಗುರಾದ ಎಲೆಕ್ಟ್ರಾನುಗಳನ್ನು ಬದಿಗೆ ಸರಿಸುತ್ತದೆ. ಭಾರದ ಅಯಾನುಗಳು ಕದಲವು. ಸರಿದವು ಅಯಾನುಗಳ ಸೆಳೆತಕ್ಕೆ ಮರಳಿ ಧಾವಿಸುತ್ತವೆ; ಅಲೆ ಹುಟ್ಟುತ್ತದೆ. ಬೆಳಕಿನಷ್ಟೇ ವೇಗವಾಗಿ ಓಡುವ ಆ ಅಲೆಯನ್ನೇರಿದ ಎಲೆಕ್ಟ್ರಾನು ಒಂದೇ ಸೆಂಟಿಮೀಟರಿನಲ್ಲಿ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿಯನ್ನು ಪಡೆಯಬಹುದೆಂದು ಅವರು ಲೆಕ್ಕ ಹಾಕಿದರು.

ಲೆಕ್ಕ ಸರಿಯಿತ್ತು; ದೋಣಿಯೇ ಇರಲಿಲ್ಲ. ಅಷ್ಟು ಗಿಡ್ಡವೂ ಪ್ರಬಲವೂ ಆದ ಮಿಡಿತವನ್ನು ಕೊಡುವ ಲೇಸರ್ ಅಂದು ದೊರೆಯುತ್ತಿರಲಿಲ್ಲ. 1985ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಮಿಡಿತವನ್ನು ಹಿಗ್ಗಿಸಿ, ಬಲಗೊಳಿಸಿ, ಮತ್ತೆ ಕುಗ್ಗಿಸುವ ಉಪಾಯವನ್ನು ಕಂಡುಹಿಡಿದರು. ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇತ್ತ ಲಾಸ್ ಏಂಜಲಿಸ್‌ನಲ್ಲೇ ಭಾರತ ಸಂಜಾತ ಚಂದ್ರಶೇಖರ ಜೋಶಿಯವರ ತಂಡ, ಎರಡು ಲೇಸರ್ ಕಿರಣಗಳನ್ನು ಬೆರೆಸಿ ಎಬ್ಬಿಸಿದ ಅಲೆಯ ಮೇಲೆ ಎಲೆಕ್ಟ್ರಾನುಗಳು ಶಕ್ತಿ ಪಡೆಯುವುದನ್ನು 1993ರಲ್ಲಿ ತೋರಿಸಿತು.

ಆದರೂ ಹೊರಬಂದ ಕಣಗಳು ಜಾತ್ರೆಯ ಗುಂಪಿನಂತಿದ್ದವು. ಒಂದರ ಶಕ್ತಿ ಇನ್ನೊಂದಕ್ಕಿಲ್ಲ. 2004ರಲ್ಲಿ ಬ್ರಿಟನ್, ಅಮೆರಿಕ, ಫ್ರಾನ್ಸ್‌ಗಳ ಮೂರು ತಂಡಗಳು ಸರಿಸುಮಾರು ಸಮಾನ ಶಕ್ತಿಯ ಕಣಗಳ ಕಿರಣವನ್ನು ಪಡೆದು 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಪತ್ರಿಕೆ ಅದನ್ನು ಕನಸಿನ ಕಿರಣವೆಂದು ಕರೆಯಿತು. 2006ರಲ್ಲಿ ಬರ್ಕ್‌ಲಿಯ ತಂಡ ಮೂರು ಚಿಲ್ಲರೆ ಸೆಂಟಿಮೀಟರಿನಲ್ಲಿ ನೂರು ಕೋಟಿಯನ್ನು ಮುಟ್ಟಿತು. ಮರುವರ್ಷ ಪ್ರಕಟವಾದ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ಲೇಸರಿಗೆ ಬದಲು ಎಲೆಕ್ಟ್ರಾನುಗಳ ಗೊಂಚಲೇ ಅಲೆಯನ್ನೆಬ್ಬಿಸಿತು. ಮೈಲಿಗಟ್ಟಲೆ ಓಡಿ 4200 ಕೋಟಿ ಎಲೆಕ್ಟ್ರಾನ್ ವೋಲ್ಟುಗಳನ್ನು ಗಳಿಸಿದ್ದ ಕಣಗಳಲ್ಲಿ ಕೆಲವು, ಒಂದು ಗಜಕ್ಕೂ ಕಿರಿದಾದ ಪ್ಲಾಸ್ಮಾದಲ್ಲಿ ಅದನ್ನು ಇಮ್ಮಡಿಗೊಳಿಸಿದವು.

ಹಾಗೆಂದು ದೈತ್ಯ ಯಂತ್ರಗಳ ಕಾಲ ಮುಗಿಯಿತೆನ್ನುವಂತಿಲ್ಲ. ಅಲೆಯ ಮೇಲೆ ಅಲೆಯನ್ನು ಜೋಡಿಸಿ, ಸೆಕೆಂಡಿಗೆ ಸಾವಿರಾರು ಬಾರಿ, ಕೂದಲೆಳೆಯೂ ತಪ್ಪದಂತೆ ಕಣಗಳನ್ನು ಡಿಕ್ಕಿ ಹೊಡೆಸುವ ಕೆಲಸ ಬಾಕಿಯಿದೆ. ಡಾಸನ್ 2001ರಲ್ಲಿ ತೀರಿಕೊಂಡರು; ಕನಸಿನ ಕಿರಣವನ್ನು ಕಾಣಲು ಮೂರು ವರ್ಷ ಸಾಲದೆ ಹೋಯಿತು. ದೋಣಿ ಬರುವ ಮುನ್ನವೇ ಅಲೆಯನ್ನು ಕಂಡವರು ಅವರು.