ಕಂಕುಳು ನುಡಿದ ಸಾಕ್ಷಿ

1907ರಲ್ಲಿ ಅಮೆರಿಕದ ಶಸ್ತ್ರವೈದ್ಯರು ವಾಷಿಂಗ್ಟನ್ನಿನಲ್ಲಿ ಸಭೆ ಸೇರಿದ್ದರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ತಮ್ಮ ವರ್ಷಗಳ ದುಡಿಮೆಯ ಲೆಕ್ಕವನ್ನು ಅವರ ಮುಂದಿಟ್ಟರು. ಸ್ತನ ಕ್ಯಾನ್ಸರಾಗಿದ್ದರೂ ಕಂಕುಳು, ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ ರೋಗ ತಾಕದಿದ್ದವರು 60 ಮಂದಿ. ಐದು ವರ್ಷ ಕಳೆದಾಗ ಅವರಲ್ಲಿ 45 ಮಂದಿ ಗುಣವಾಗಿದ್ದರು. ಗ್ರಂಥಿಗಳಿಗೆ ರೋಗ ಇಳಿದಿದ್ದವರು 40 ಮಂದಿ, ಬದುಕಿದ್ದವರು ಮೂವರೇ.

ಅಷ್ಟು ಸ್ಪಷ್ಟವಾಗಿ ಗ್ರಂಥಿ ನುಡಿದಿತ್ತು. ಆ ನುಡಿಯ ಅರ್ಥ ತಿಳಿಯಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ರೋಗ ಮೊಲೆಯಿಂದ ಕಂಕುಳಿಗೆ, ಕಂಕುಳಿನಿಂದ ಮುಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ, ಬೇರುಸಹಿತ ಕಿತ್ತರೆ ನಿಲ್ಲುತ್ತದೆ ಎಂಬುದು ಆ ಕಾಲದ ನಂಬಿಕೆ. ಆದ್ದರಿಂದ ಹಾಲ್‌ಸ್ಟೆಡ್‌ರಂಥ ಶಸ್ತ್ರವೈದ್ಯರು ಮೊಲೆ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನು ಇಡಿಯಾಗಿ ತೆಗೆದರು. ಪಕ್ಕೆಲುಬಿಗೆ ಅಂಟಿದ ಚರ್ಮ, ಭುಜದ ಕೆಳಗೊಂದು ಕುಳಿ, ಅಂಗಿಯ ತೋಳಿಗೆ ಹೊಗದಷ್ಟು ಬಾತ ಕೈ: ಎಷ್ಟೋ ಹೆಂಗಸರು ಇದನ್ನೇ ಜೀವದ ಬೆಲೆಯೆಂದು ಹೊತ್ತು ಬಾಳಿದರು.

1971ರಲ್ಲಿ ಪಿಟ್ಸ್‌ಬರ್ಗಿನ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದರು. 1,600ಕ್ಕೂ ಹೆಚ್ಚು ಹೆಂಗಸರು ಒಪ್ಪಿ ಬಂದರು. ಕಂಕುಳಿನ ಗ್ರಂಥಿಗಳನ್ನು ಯಾರಿಗೆ ತೆಗೆಯುವುದು, ಯಾರಿಗೆ ಬಿಡುವುದು ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಯಿತು. ಮುಟ್ಟಿದರೆ ಗಂಟು ಸಿಗದ ಕಂಕುಳನ್ನೂ ಬಿಡಿಸಿ ನೋಡಿದಾಗ, ನೂರರಲ್ಲಿ ಸುಮಾರು 40 ಮಂದಿಯ ಗ್ರಂಥಿಗಳಲ್ಲಿ ರೋಗ ಅಡಗಿತ್ತು. ಕಂಕುಳನ್ನು ಮುಟ್ಟದೆ ಬಿಟ್ಟವರಲ್ಲೂ ಅಷ್ಟೇ ಇದ್ದಿರಬೇಕು. ಆದರೆ ಅಲ್ಲಿ ಮುಂದೆ ಗಂಟು ಎದ್ದದ್ದು ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ. 25 ವರ್ಷಗಳ ಬಳಿಕ ಎಣಿಸಿದರೂ ಎರಡು ಗುಂಪಿನ ಆಯುಸ್ಸಿನಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಈ ಪರೀಕ್ಷೆಯಿಂದ ಅರ್ಥವಾಯಿತು: ಗ್ರಂಥಿ ರೋಗವನ್ನು ತಡೆಯುವ ಕೋಟೆಬಾಗಿಲಲ್ಲ, ರೋಗ ದೇಹದಲ್ಲಿ ಹರಡಿರಬಹುದೆಂದು ಹೇಳುವ ಸಾಕ್ಷಿ. ಸಾಕ್ಷಿಯನ್ನು ಕಿತ್ತೆಸೆದರೆ ಅಪರಾಧ ಅಳಿಯದು. ಫಿಶರರ ಎಣಿಕೆ ಮುಗಿಯುವ ಮೊದಲೇ ಮಿಲಾನಿನ ವೈದ್ಯ ಜಿಯಾನಿ ಬೊನಡೋನಾ ಆ ಸಾಕ್ಷಿಯ ಮಾತಿಗೆ ಕಿವಿಗೊಟ್ಟರು. ಗ್ರಂಥಿಗೆ ರೋಗ ತಗುಲಿದವರಿಗೆ ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿ ಹರಿಯುವ ಮೂರು ಔಷಧಿಗಳನ್ನು ಕೊಟ್ಟರು. ರೋಗ ಮರುಕಳಿಸುವುದು ಬಹಳ ಇಳಿಯಿತೆಂದು 1976ರಲ್ಲಿ ಸಾರಿದರು.

ಆದರೆ ಸಾಕ್ಷಿ ಕೇಳಲು ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯಬೇಕಿತ್ತು. 1994ರಲ್ಲಿ ಕ್ಯಾಲಿಫೋರ್ನಿಯಾದ ಶಸ್ತ್ರವೈದ್ಯ ಅರ್ಮಾಂಡೊ ಜೂಲಿಯಾನೊ ಮೊಲೆಗೆ ನೀಲಿ ಬಣ್ಣ ಚುಚ್ಚಿ, ಅದು ಮೊದಲು ಸೇರುವ ಗ್ರಂಥಿಯನ್ನು ಗುರುತಿಸುವ ದಾರಿ ತೋರಿದರು. ಆ ಕಾವಲು ಗ್ರಂಥಿಯಲ್ಲಿ ರೋಗವಿಲ್ಲದಿದ್ದರೆ ಉಳಿದವನ್ನು ಕೀಳಬೇಕಿಲ್ಲ.

ಇಂದು ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಹೆಣ್ಣುಮಗಳು ಕೈಯೆತ್ತಿ ತನ್ನ ಜಡೆಯನ್ನು ತಾನೇ ಹೆಣೆದುಕೊಂಡರೆ, ಆ ತೋಳನ್ನು ಅವಳಿಗೆ ಉಳಿಸಿಕೊಟ್ಟವರಲ್ಲಿ ಅಂದು ಚೀಟಿಗೆ ತಲೆಬಾಗಿದ ಆ ಹೆಂಗಸರೂ ಇದ್ದಾರೆ.